ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗೆ

ಬೆಂಗಳೂರು ಪಟ್ಟಣದ ಗದ್ದಲವನ್ನು ಸೋಕದೆ, ಅದರ ಉತ್ತರ ದಿಕ್ಕನ್ನು ಅರ್ಧಚಂದ್ರಾಕಾರವಾಗಿ ಬಳಸಿಕೊಂಡು ಹೋಗುವ ಹೆದ್ದಾರಿಯೊಂದುಂಟು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಶಿವಗಂಗೆಯ ಬೆಟ್ಟವನ್ನು ಬೆನ್ನಿಗೆ ಬಿಟ್ಟು ಹೊರಟರೆ, ಈ ದಾರಿಯು ದೊಡ್ಡಬಳ್ಳಾಪುರವನ್ನೂ ದೇವನಹಳ್ಳಿಯನ್ನೂ ಹಾದು, ಸೂಲಿಬೆಲೆಯ ಮೇಲೆ ಹೊಸಕೋಟೆಯನ್ನು ಸೇರುತ್ತದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಹೆಸರಿನಿಂದ ಒಂದು ಜಿಲ್ಲೆಯು ಬೇರೆಯಾಗಿ, 2007ರಲ್ಲಿ ರಾಮನಗರದ ಕಡೆಯ ಸೀಮೆಯು ಅದರಿಂದ ಕಳಚಿಹೋದ ಮೇಲೆ ಉಳಿದ ನಾಲ್ಕು ತಾಲ್ಲೂಕುಗಳನ್ನು ಈ ಒಂದು ರಸ್ತೆಯೇ ಮಣಿಗಳಂತೆ ಪೋಣಿಸಿದೆ. ಯಾತ್ರಿಕರು ಶಿವಗಂಗೆಗೋ ಘಾಟಿ ಸುಬ್ರಹ್ಮಣ್ಯಕ್ಕೋ ಹೋಗುವಾಗ ಇದರ ಒಂದೊಂದು ತುಂಡನ್ನು ಕಂಡಿರುತ್ತಾರೆ. ಆದಿಯಿಂದ ಅಂತ್ಯದವರೆಗೆ ನಿಧಾನವಾಗಿ ನೋಡಿಕೊಂಡು ಹೋಗುವವರು ವಿರಳ. ಕಳೆದ ಮಾಘಮಾಸದಲ್ಲಿ ನಾವು ಹಾಗೆ ಹೋದೆವು. ಹೋದುದು ದೇವದರ್ಶನಕ್ಕಾಗಲಿ ಕೋಟೆಕೊತ್ತಲಗಳ ಪರೀಕ್ಷೆಗಾಗಲಿ ಅಲ್ಲ.

ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡಬಳ್ಳಾಪುರದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ನೇಕಾರರೊಬ್ಬರಿದ್ದಾರೆ. ಎಪ್ಪತ್ತನ್ನು ದಾಟಿದವರು; ನಾಲ್ಕು ವಿದ್ಯುತ್ ಮಗ್ಗಗಳ ಯಜಮಾನರು. ಅವರ ಏಕಮಾತ್ರ ಪುತ್ರನು ನಮ್ಮಲ್ಲಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೋದಿದವನು; ಈಗ ಮಧ್ಯಪ್ರದೇಶದ ಇಂದೂರಿನಲ್ಲಿರುವ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ ಇಂಜಿನಿಯರನಾಗಿದ್ದಾನೆ. ಕೈಲಾಗದ ಕಾಲದಲ್ಲಿ ಮಗನು ಊರಿಗೆ ಬಂದು ನಿಲ್ಲಬೇಕೆಂಬುದು ತಂದೆಯ ಹಟ. ಅಲ್ಲಿಯ ಕೆಲಸವನ್ನು ಬಿಟ್ಟು ಬರುವುದು ಹೇಗೆಂಬುದು ಮಗನ ಸಂಕಟ. ಎರಡು ವರ್ಷಗಳಿಂದ ಇವರ ಮಾತು ಇದ್ದಲ್ಲೇ ಸುತ್ತುತ್ತಿತ್ತು. ಕೊನೆಗೆ ಯಜಮಾನರು ನಮ್ಮ ಮನೆಗೇ ಬಂದು ಕುಳಿತು, "ಮೇಷ್ಟ್ರೇ, ಅವನು ಬರಲ್ಲ ಅಂದರೆ ನಂಗೆ ಬೇಜಾರಿಲ್ಲ. ಆದರೆ ಅವನು ಮಾಡೋ ಕೆಲಸ ಏನು ಅಂತ ಇವತ್ತಿಗೂ ನಂಗೆ ತಿಳೀದು. ಹೇಳ್ತಾನೆ, ಗೊತ್ತಾಗಲ್ಲ. ನೀವು ಕೇಳಿ ತಿಳಕೊಂಡು ನಂಗೆ ತಿಳಿಯೋ ಹಾಗೆ ಹೇಳಿ. ಇನ್ನೊಬ್ಬರು ಮಾಡಕ್ಕಾಗದ ಕೆಲಸವಾ ಅದು? ಅಷ್ಟು ತಿಳಿದರೆ ಸಾಕು" ಎಂದರು. ಸುಬಂತ ತಿಙಂತಗಳನ್ನು ಪಾಠ ಹೇಳಿ ತಲೆ ನರೆತ ನಮಗೆ ವಿದ್ಯುಚ್ಛಾಸ್ತ್ರದ ದೌತ್ಯವು ಹೀಗೆ ಪ್ರಾಪ್ತವಾಯಿತು. ಮಗನು ರಜೆಯ ಮೇಲೆ ಬಂದಾಗ ದಾಬಸ್‌ಪೇಟೆಗೆ ಕಾರನ್ನು ತರಹೇಳಿ, ದಾರಿಯುದ್ದಕ್ಕೂ ಪಾಠ ಹೇಳಬೇಕೆಂದು ಕರಾರು ಮಾಡಿಕೊಂಡೆವು.

ಪಾಠಕ್ಕೆ ಮೊದಲ ಸಾಮಗ್ರಿಯು ಕಣ್ಣೆದುರಿಗೇ ಇತ್ತು. ನೆಲಮಂಗಲದ ಸೀಮೆಯಲ್ಲಿ ಎತ್ತ ನೋಡಿದರೂ ಕೊಯ್ಲಾದ ರಾಗಿಯ ಹೊಲಗಳ ನಡುವೆ ಉಕ್ಕಿನ ಗೋಪುರಗಳು ಕೈಚಾಚಿಕೊಂಡು ಸಾಲಾಗಿ ನಿಂತಿರುತ್ತವೆ. ನೆಲಮಂಗಲದಲ್ಲಿ 400 ಕಿಲೋವೋಲ್ಟಿನ ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ಶರಾವತಿಯ ಕಡೆಯ ತಾಳಗುಪ್ಪದಿಂದ ಹೊರಟ ತಂತಿಗಳು ಮಲೆನಾಡನ್ನು ಇಳಿದು ಇಲ್ಲಿಗೆ ಬಂದು ಸೇರುತ್ತವೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಅದರ ಒತ್ತಡವು ಇದರ ಹತ್ತನೆಯ ಒಂದು ಪಾಲೂ ಇರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡುದು ಆ ಶಿವನಸಮುದ್ರದ ವಿದ್ಯುತ್ತಿನಿಂದಲೇ.

"ಇಷ್ಟು ದೊಡ್ಡ ವೋಲ್ಟೇಜನ್ನು ಹೊತ್ತ ಈ ತಂತಿಗೂ ನಿನ್ನ ಕೆಲಸಕ್ಕೂ ಏನು ಸಂಬಂಧವಯ್ಯಾ?" ಎಂದು ಕೇಳಿದೆವು.

"ಸಂಬಂಧ ಇದೆ ಮೇಷ್ಟ್ರೇ, ಆದರೆ ಸ್ವಭಾವ ಬೇರೆ. ಇಲ್ಲಿ ವಿದ್ಯುತ್ತು ಹೊಳೆಯ ಹಾಗೆ ಎಡೆಬಿಡದೆ ಹರೀಬೇಕು. ನಮ್ಮಲ್ಲಿ ಅದು ಒಂದು ಕ್ಷಣ ಬಂದು ನಿಂತುಬಿಡಬೇಕು. ಹೊತ್ತಿಗೆ ಸರಿಯಾಗಿ ಬರಬೇಕು, ಹೊತ್ತಿಗೆ ಸರಿಯಾಗಿ ನಿಲ್ಲಬೇಕು. ನಾವು ಮಾಡೋದು ಅಂಥ ಏಟು ಕೊಡೋ ಯಂತ್ರ."

ಇಂಥ ಕ್ಷಣಿಕ ಪ್ರವಾಹಕ್ಕೆ ಅವರು ಪಲ್ಸ್ ಎಂದು ಹೇಳುತ್ತಾರೆ. ವೈದ್ಯರು ಹಿಡಿದು ನೋಡುವ ನಾಡಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ನಾಡಿಯೆಂದರೆ ಅದು ಹರಿಯುವ ನಾಳವೇ ಆಗಿಬಿಡುವುದರಿಂದ ನಮಗೆ 'ಸ್ಪಂದ'ವೆಂಬ ಮಾತು ಹೆಚ್ಚು ಒಪ್ಪುತ್ತದೆ. ಮುಂದೆ ಹಾಗೆಯೇ ಬರೆಯುತ್ತೇವೆ.

ಈ ಸ್ಪಂದವನ್ನು ಹುಟ್ಟಿಸುವ ಬಗೆಯು ನಮ್ಮ ಸೀಮೆಯ ಜನಕ್ಕೆ ತಿಳಿಯದ ವಿದ್ಯೆಯೇನೂ ಅಲ್ಲವೆಂಬುದು ಹತ್ತು ಮೈಲಿ ಹೋಗುವುದರೊಳಗೆ ನಮಗೆ ಮನದಟ್ಟಾಯಿತು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಯ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಪಕ್ಕದಲ್ಲಿ ಇಳಿದು ಬರುವ ಅರ್ಕಾವತಿಯೂ ಮಳೆಗಾಲದ ಅತಿಥಿಯೇ. ಆದುದರಿಂದ ನಮ್ಮ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿಯನ್ನು ಹಾಕಿ ಕೆರೆ ಕಟ್ಟಿದರು. ತೊಟ್ಟುತೊಟ್ಟಾಗಿ ತಿಂಗಳುಗಟ್ಟಲೆ ಬಂದ ನೀರನ್ನು ಕೂಡಿಟ್ಟು, ಪೈರಿಗೆ ಬೇಕಾದ ದಿನ ತೂಬನ್ನೆತ್ತಿ ಒಮ್ಮೆಗೇ ಹರಿಸಿದರು. ನಮ್ಮ ಶಿಷ್ಯನ ಯಂತ್ರದಲ್ಲಿ ಕೆರೆಯ ಸ್ಥಾನದಲ್ಲಿರುವುದು ಕೆಪಾಸಿಟರು, ಅಂದರೆ ಧಾರಕ. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತು ಹರಿಯಲೊಲ್ಲದ ಒಂದು ತೆಳುವಾದ ಪದರ. ಇಷ್ಟೇ ಅದರ ಮರ್ಮ. ಗೋಡೆಯ ಪ್ಲಗ್ಗಿನಿಂದ ಬರುವ ಸಾಧಾರಣ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಿಂದ ಮೇಲಕ್ಕೇರಿಸಿ, ಒಂದೇ ಮುಖವಾಗಿ ಹರಿಯುವಂತೆ ತಿದ್ದಿ, ಧಾರಕಕ್ಕೆ ಮೆಲ್ಲಗೆ ತುಂಬುತ್ತಾರೆ. ತೂಬಿನ ಸ್ಥಾನದಲ್ಲಿ ಒಂದು ಸ್ವಿಚ್ಚು. ನಮ್ಮ ಮನೆಯ ದೀಪದ ಸ್ವಿಚ್ಚು ಇದಕ್ಕೆ ನಿಲ್ಲಲಾರದು; ಕಿಡಿ ಹಾರಿ ಭಸ್ಮವಾದೀತು. ಜಲಜನಕದ ಅನಿಲವನ್ನು ಅತ್ಯಲ್ಪವಾಗಿ ತುಂಬಿದ ಥೈರಟ್ರಾನೆಂಬ ಕೊಳವೆಯನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಈಚೆಗೆ ಹಲವೆಡೆ ಅರೆವಾಹಕದ ಸ್ವಿಚ್ಚುಗಳು ಆ ಕೆಲಸವನ್ನು ವಹಿಸಿಕೊಂಡಿವೆ.

ವಾಚಕರು ಬೇಸರಪಡದೆ ಒಂದು ಸಣ್ಣ ಲೆಕ್ಕವನ್ನು ಕೇಳಬೇಕು. ಇದು ನಮ್ಮನ್ನು ಬೆರಗುಗೊಳಿಸಿದ ಲೆಕ್ಕ. ಒಂದು ಮೈಕ್ರೊಫ್ಯಾರಡ್ ಗಾತ್ರದ ಧಾರಕವನ್ನು 20 ಕಿಲೋವೋಲ್ಟಿಗೆ ತುಂಬಿದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿ 200 ಜೌಲು. ಒಂದು ಸೆಕೆಂಡಿನಲ್ಲಿ ಅದನ್ನು ತುಂಬುವುದಕ್ಕೆ ಬೇಕಾದುದು 200 ವಾಟು, ಅಂದರೆ ಹಳೆಯ ಕಾಲದ ಎರಡು ನೂರು ವಾಟಿನ ಬುರುಡೆಗಳು ತಿನ್ನುವಷ್ಟೇ ವಿದ್ಯುತ್ತು. ಅದನ್ನೇ ಐದು ಮೈಕ್ರೊಸೆಕೆಂಡಿನಲ್ಲಿ, ಎಂದರೆ ಒಂದು ಸೆಕೆಂಡನ್ನು ಎರಡು ಲಕ್ಷ ಪಾಲು ಮಾಡಿದ ಒಂದು ಪಾಲಿನಲ್ಲಿ, ಬರಿದು ಮಾಡಿದರೆ ಆ ಕ್ಷಣದ ಬಲ 40 ಮೆಗಾವಾಟು! ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲಿ ಒಂದೊಂದರ ಬಲ 103.5 ಮೆಗಾವಾಟು. ಎರಡು ಬುರುಡೆಗಳ ವಿದ್ಯುತ್ತಿನಿಂದ ಶರಾವತಿಯ ಒಂದು ಯಂತ್ರದ ಮೂರನೆಯ ಒಂದು ಪಾಲಿಗೂ ಮಿಗಿಲಾದ ಬಲವನ್ನು ಕ್ಷಣಾರ್ಧಕ್ಕೆ ಸಂಪಾದಿಸಿದಂತಾಯಿತು. ಶಕ್ತಿಯು ಹೆಚ್ಚಲಿಲ್ಲ, ಕಾಲವು ಕುಗ್ಗಿತು, ಅಷ್ಟೇ.

ಇಷ್ಟು ಬಲವು ಯಾವ ಪುರುಷಾರ್ಥಕ್ಕೆ? ಅಯಸ್ಕಾಂತವನ್ನು ಎಬ್ಬಿಸುವುದಕ್ಕೆ. ಆ ಅಯಸ್ಕಾಂತವು ಕಣವೇಗವರ್ಧಕದಲ್ಲಿ ಓಡುವ ಎಲೆಕ್ಟ್ರಾನುಗಳನ್ನು ದಾರಿ ತಿರುಗಿಸುವುದಕ್ಕೆ. (ವೇಗವರ್ಧಕವೆಂಬ ಪದದ ವಿಷಯದಲ್ಲಿ ನಮ್ಮದೊಂದು ತಕರಾರಿದೆ. ಇಂದೂರಿನ ಮೊದಲ ಯಂತ್ರವಾದ ಮೈಕ್ರೊಟ್ರಾನಿನಿಂದ ಹೊರಬೀಳುವಾಗಲೇ ಎಲೆಕ್ಟ್ರಾನಿನ ವೇಗವು ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ. ಮುಂದೆ ಅದರ ಶಕ್ತಿಯು 125 ಮಡಿ ಏರಿದರೂ ವೇಗವು ಏರುವುದು ಹೆಸರಿಗೆ ಮಾತ್ರ. ಶಕ್ತಿವರ್ಧಕವೆಂದಿದ್ದರೆ ಯಥಾರ್ಥವಾಗುತ್ತಿತ್ತು. ರೂಢಿಯಾದ ಪದವನ್ನು ಕೀಳುವುದು ನಮ್ಮಿಂದಾಗದು.)

ಇಂದೂರಿನ ಈ ಕೇಂದ್ರಕ್ಕೆ 1984ರಲ್ಲಿ ಅಸ್ತಿಭಾರವಾಯಿತು. ಅದರ ಹುಟ್ಟಿಗೆ ಕಾರಣಪುರುಷರಾದ ರಾಜಾ ರಾಮಣ್ಣನವರು ನಮ್ಮ ತುಮಕೂರಿನ ಸೀಮೆಯಲ್ಲಿ 1925ರಲ್ಲಿ ಜನಿಸಿದವರು; 2004ರಲ್ಲಿ ಅವರು ತೀರಿಕೊಂಡ ಮರುವರ್ಷ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಅಲ್ಲಿ ಇಂಡಸ್-2 ಎಂಬ ಉಂಗುರವಿದೆ. ಸುತ್ತಳತೆ ಸುಮಾರು 172 ಮೀಟರು. ಗಾಳಿಯನ್ನು ಹೊರಗೆಳೆದು ಬರಿದು ಮಾಡಿದ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಒಂದು ಸೆಕೆಂಡಿಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಪ್ರದಕ್ಷಿಣೆ ಮಾಡುತ್ತವೆ. ಬಾಗುವೆಡೆಯಲ್ಲೆಲ್ಲ ಅವುಗಳಿಂದ ಎಕ್ಸ್ ಕಿರಣಗಳು ಹೊಮ್ಮುತ್ತವೆ. ಲೋಹ, ಔಷಧ, ಪ್ರಾಣಿದೇಹದ ಪ್ರೋಟೀನು ಮೊದಲಾದವುಗಳ ಒಳರಚನೆಯನ್ನು ಆ ಕಿರಣಗಳಿಂದ ನೋಡುತ್ತಾರೆ. ಹೀಗೆ ಎಲೆಕ್ಟ್ರಾನುಗಳು ಸುತ್ತುತ್ತಿರುವಾಗಲೇ ಹೊಸ ಎಲೆಕ್ಟ್ರಾನುಗಳನ್ನು ಒಳಕ್ಕೆ ಬಿಡಬೇಕು. ಹೊಸದು ಬರುವ ಬಾಗಿಲಿನ ಪಕ್ಕದಲ್ಲಿ ಒಂದು ತೆಳುವಾದ ಗೋಡೆ. ಹಳೆಯ ಪ್ರವಾಹವನ್ನು ಒಂದು ಕ್ಷಣ ಗೋಡೆಯ ಬಳಿಗೆ ಸರಿಸಿ, ಹೊಸದನ್ನು ಅದರ ಮಗ್ಗುಲಿಗೆ ಸೇರಿಸಿ, ಎರಡನ್ನೂ ಗೋಡೆಗೆ ಬಡಿಯದಂತೆ ಮತ್ತೆ ನಡುಹಾದಿಗೆ ತರಬೇಕು. ಈ ಸರಿಸಾಟವನ್ನು ಮಾಡುವ ನಾಲ್ಕು ಅಯಸ್ಕಾಂತಗಳಿಗೆ ಕಿಕ್ಕರ್ ಎಂದು ಹೆಸರು, ಒದೆಯುವುದು ಎಂದರ್ಥ. ಅವು ಎದ್ದು ಮಲಗುವುದಕ್ಕೆ ಇರುವ ಅವಕಾಶ ಕೆಲವೇ ಮೈಕ್ರೊಸೆಕೆಂಡು. ನಮ್ಮ ಶಿಷ್ಯನು ಕಾಯುತ್ತಿರುವುದು ಈ ಅಯಸ್ಕಾಂತಗಳನ್ನು ಎಬ್ಬಿಸುವ ಸ್ಪಂದಯಂತ್ರಗಳನ್ನು.

ಅಷ್ಟರಲ್ಲಿ ದೊಡ್ಡಬಳ್ಳಾಪುರ ಬಂದಿತು. ಹಸುವೊಂದು ದಿನವೂ ಒಂದು ಹುತ್ತದ ಮೇಲೆ ಬಳ್ಳದಷ್ಟು ಹಾಲನ್ನು ಸುರಿಸುತ್ತಿದ್ದುದರಿಂದ ಊರಿಗೆ ಬಳ್ಳಾಪುರವೆಂಬ ಹೆಸರಾಯಿತೆಂದು ಸ್ಥಳಪುರಾಣ. ಈಗ ಊರನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಮಗ್ಗದ ಸದ್ದು. ಬೀದಿಬೀದಿಯಲ್ಲೂ ಗೋಡೆಗಳ ಹಿಂದಿನಿಂದ ಖಟಖಟವೆಂಬ ನಾದವು ಮುಗಿಯದ ಮಳೆಯಂತೆ ಕೇಳುತ್ತಿರುತ್ತದೆ. ಸೂರತ್ತಿನಿಂದ ಅಗ್ಗದ ಸೀರೆಗಳು ಬಂದು ಬೀಳುತ್ತಿರುವುದರಿಂದ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆಯೆಂದು ಇಲ್ಲಿಯ ನೇಕಾರರ ಅಳಲು. ನಮ್ಮ ಯಜಮಾನರ ನಾಲ್ಕರಲ್ಲಿ ಅಂದು ನಡೆಯುತ್ತಿದ್ದುದು ಎರಡೇ.

ಮನೆಯಾಕೆ ಅಕ್ಕಿರೊಟ್ಟಿಯನ್ನೂ ಹುಚ್ಚೆಳ್ಳಿನ ಚಟ್ನಿಯನ್ನೂ ಬಡಿಸಿದರು. ಊಟವಾದ ಮೇಲೆ ಯಜಮಾನರು ನಮ್ಮ ಮುಖವನ್ನೇ ನೋಡುತ್ತ ಕುಳಿತರು. ನಾವು ಕೆರೆಯ ದೃಷ್ಟಾಂತವನ್ನು ಹೇಳಿದೆವು, ತಲೆದೂಗಿದರು. ಎರಡು ಬುರುಡೆಗಳ ಲೆಕ್ಕವನ್ನು ಹೇಳಿದೆವು, ಅದಕ್ಕೂ ತಲೆದೂಗಿದರು. ಒದೆಯುವ ಅಯಸ್ಕಾಂತದ ಮಾತು ಬಂದಾಗ ಮಾತ್ರ ನಮ್ಮ ತೋಳನ್ನು ಹಿಡಿದು ಎಬ್ಬಿಸಿ ಮಗ್ಗದ ಮನೆಗೆ ಕರೆದೊಯ್ದರು.

ಮಗ್ಗವನ್ನು ನಾವು ಎಷ್ಟೋ ಬಾರಿ ಕಂಡಿದ್ದೆವು. ಅಂದು ಅವರು ತೋರಿಸಿದಂತೆ ನೋಡಿದುದು ಅದೇ ಮೊದಲು. ಹಾಸಿನ ಎಳೆಗಳು ಮೇಲೆ ಅರ್ಧ ಕೆಳಗೆ ಅರ್ಧವಾಗಿ ಬಾಯಿ ಬಿಡುತ್ತವೆ. ಆ ಬಾಯೊಳಗೆ ಹೊಕ್ಕಿನ ನೂಲನ್ನು ಹೊತ್ತ ಲಾಳಿಯು ಈ ಕಡೆಯ ಪೆಟ್ಟಿಗೆಯಿಂದ ಆ ಕಡೆಯ ಪೆಟ್ಟಿಗೆಗೆ ಹಾರುತ್ತದೆ. ಅದನ್ನು ಹಾರಿಸುವುದು ಪಕ್ಕದಲ್ಲಿರುವ ಒಂದು ಮರದ ಕೋಲಿನ ಏಟು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಇದು ನಡೆಯುತ್ತದೆ.

"ನೋಡಿ ಮೇಷ್ಟ್ರೇ," ಎಂದು ಸದ್ದಿನ ಮೇಲೆ ದನಿಯೇರಿಸಿ ಹೇಳಿದರು, "ಬಾಯಿ ತೆರೆದಿರೋ ಹೊತ್ನಲ್ಲೇ ಲಾಳಿ ದಾಟಬೇಕು. ಏಟು ಮುಂಚೆ ಬಿದ್ದರೆ ಎಳೆಗೆ ಬಡಿಯುತ್ತೆ. ತಡವಾದರೆ, ಲಾಳಿ ನಡುವೆ ಇರೋವಾಗಲೇ ಬಾಯಿ ಮುಚ್ಚಿ ನೂರಾರು ಎಳೆ ಒಟ್ಟಿಗೇ ಹರಿಯುತ್ತೆ. ಆಮೇಲೆ ಕೂತು ಗಂಟು ಹಾಕೋಕೆ ದಿನವೆಲ್ಲ ಬೇಕು. ಏಟು ಮೆತ್ತಗಾದರೆ ಲಾಳಿ ದಡ ಸೇರಲ್ಲ. ಜೋರಾದರೆ ಪೆಟ್ಟಿಗೆ ಬಿಟ್ಟು ಹಾರಿ ಆಚೆ ಬೀಳುತ್ತೆ. ನಮ್ಮಪ್ಪನ ಹಲ್ಲು ಹೋಗಿದ್ದು ಹಾಗೇ." ಬಳಿಕ ಮಗನ ಕಡೆ ತಿರುಗಿ, "ನಿನ್ನ ಒದೆಯೋದೂ ಹೀಗೇನಾ?" ಎಂದರು.

ಮಗನು ಕೆಲ ಹೊತ್ತು ಮಾತನಾಡಲಿಲ್ಲ. "ಹೀಗೇ ಅಪ್ಪ," ಎಂದನು. "ಏಟಿನ ಜೋರು ನೂರಕ್ಕೆ ಒಂದು ಪಾಲೂ ಹೆಚ್ಚುಕಮ್ಮಿ ಆಗಬಾರದು. ಹೊತ್ತಂತೂ ಇನ್ನೂ ಬಿಗಿ. ಮೈಕ್ರೊಸೆಕೆಂಡನ್ನ ನೂರು ಭಾಗ ಮಾಡಿ ಅದರಲ್ಲಿ ಒಂದೆರಡು ಭಾಗ ತಪ್ಪಿದರೂ ನಾವು ಹುಡುಕಾಡ್ತೀವಿ. ನಾಲ್ಕು ಯಂತ್ರ ಒಂದೇ ಏಟಾಗಿ ಎದ್ದೇಳಬೇಕು."

ಹದಿನೆಂಟು ವರ್ಷಗಳಿಂದ ಹೇಳಿಯೂ ಆಗದ ಮಾತು ಒಂದು ಮರದ ಕೋಲಿನಿಂದ ಆಯಿತು. ಲಾಳಿಯ ಏಟನ್ನು ಸರಿಹೊಂದಿಸುವ ಕೈಗುಣವೇ ಮನೆಯ ಬಂಡವಾಳವಾಗಿದ್ದ ಕುಲದಲ್ಲಿ ಹುಟ್ಟಿದವನು ಎಲೆಕ್ಟ್ರಾನುಗಳ ಏಟನ್ನು ಸರಿಹೊಂದಿಸುವ ಕಡೆಗೆ ಹೋದುದನ್ನು ಕಂಡು ನಮಗೇನೋ ಸಂತೋಷವಾಯಿತು. ಯಜಮಾನರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಮಗ್ಗವನ್ನು ನಿಲ್ಲಿಸಿ, "ಸೀರೆಯಾದರೆ ಉಡ್ತಾರೆ. ನೀನು ಒದ್ದು ಒದ್ದು ಯಾರಿಗೇನು ಬಂತು?" ಎಂದು ಕೇಳಿದರು.

ಈ ಪ್ರಶ್ನೆಗೆ ಮಗನು ಕೊಟ್ಟ ಉತ್ತರವು ನಮಗೂ ಹೊಸದು. ಆತನ ತಾಯಿಗೆ ಆರು ವರ್ಷಗಳ ಹಿಂದೆ ಅರ್ಬುದರೋಗವಾಗಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಿರಣಚಿಕಿತ್ಸೆಯಾಗಿತ್ತು. ಈಗ ಆಕೆ ಸ್ವಸ್ಥರು. "ಅಮ್ಮನ್ನ ಮಲಗಿಸಿ ಮೇಲೆ ತಿರುಗಿಸ್ತಿದ್ರಲ್ಲ ಅಪ್ಪ, ಅದೂ ಎಲೆಕ್ಟ್ರಾನಿನ ವೇಗವರ್ಧಕವೇ. ನಮ್ಮದಕ್ಕಿಂತ ಬಹಳ ಚಿಕ್ಕದು, ಒಂದು ಕೋಣೆಯಲ್ಲಿ ಹಿಡಿಸುತ್ತೆ. ಅದರ ಹೊಟ್ಟೆಯಲ್ಲೂ ಇಂಥದ್ದೇ ಹೈ ವೋಲ್ಟೇಜಿನ ಯಂತ್ರ ಇರುತ್ತೆ. ಸೆಕೆಂಡಿಗೆ ನೂರಾರು ಏಟು. ಒಂದೊಂದೂ ನಾಲ್ಕೈದು ಮೈಕ್ರೊಸೆಕೆಂಡು. ಅದನ್ನ ನಾನು ಮಾಡಿದ್ದಲ್ಲ. ವಿದ್ಯೆ ಒಂದೇ." ನಮ್ಮ ನಾಡಿನ ಮಂಗಳಗಂಗೋತ್ರಿಯಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯಕ್ಕೆ 1995ರಲ್ಲಿ ಇಂದೂರಿನವರ ನೆರವಿನಿಂದ ಬಂದ ಮೈಕ್ರೊಟ್ರಾನೂ ಹೀಗೆ ಸ್ಪಂದಸ್ಪಂದವಾಗಿಯೇ ನಡೆಯತಕ್ಕದ್ದೆಂದು ಬಳಿಕ ತಿಳಿಸಿದನು. ಆದರೆ ಆ ಮಾತನ್ನು ಕೇಳಿದವರು ನಾವೊಬ್ಬರೇ. ಯಜಮಾನರು ಅಡಿಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಂಗವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು, ಹೊಸಕೋಟೆಯವರೆಗೆ ತಾವೂ ಬರುವುದಾಗಿ ಹೇಳಿದರು.

ದೇವನಹಳ್ಳಿಯ ವಿಷಯವಾಗಿ ಹೆಚ್ಚು ಬರೆಯುವುದಿಲ್ಲ. ಟಿಪ್ಪುವಿನ ಜನ್ಮಸ್ಥಾನವೆಂದೂ, ಚಕ್ಕೋತದ ಹಣ್ಣಿನ ಊರೆಂದೂ ಎಲ್ಲರೂ ಬಲ್ಲರು. 2008ರಲ್ಲಿ ವಿಮಾನನಿಲ್ದಾಣವು ಬಂದ ಮೇಲೆ ಈ ಸೀಮೆಯ ಹೊಲಗಳು ನಿವೇಶನಗಳಾಗಿವೆ. ಚಕ್ಕೋತದ ತೋಟಗಳನ್ನು ಹುಡುಕಿಕೊಂಡು ಹೋಗಬೇಕಾಗಿದೆ. 1791ರಲ್ಲಿ ಕಾರ್ನವಾಲಿಸನ ಸೇನೆಯು ಹಿಡಿದ ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತು ನಾವು ಮೂವರೂ ಒಂದು ಚಕ್ಕೋತವನ್ನು ಬಿಡಿಸಿ ತಿಂದೆವು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದುವು. ಅವುಗಳಲ್ಲಿ ಒಂದನ್ನು ನೋಡಿ ಯಜಮಾನರು, ಜಿನೀವಾಕ್ಕೆ ಹೋಗಿದ್ದೆಯಲ್ಲ, ಅಲ್ಲೇನಿತ್ತು ಎಂದು ಮಗನನ್ನು ಕೇಳಿದರು.

ಅಲ್ಲಿರುವುದು ಸರ್ನ್ ಎಂಬ ಸಂಸ್ಥೆಯ ಮಹಾವೇಗವರ್ಧಕ; ನೆಲದ ಅಡಿಯಲ್ಲಿ 27 ಕಿಲೋಮೀಟರು ಸುತ್ತಳತೆಯ ಉಂಗುರ. 2008ರ ಸೆಪ್ಟೆಂಬರ್ 10ರಂದು ಅದರಲ್ಲಿ ಮೊದಲ ಬಾರಿಗೆ ಪ್ರೋಟಾನುಗಳು ಪೂರ್ತಿ ಸುತ್ತಿದುವು. ನಮ್ಮ ದೇಶವು ಅದಕ್ಕೆ ಕೊಟ್ಟ ಸಾಮಾನುಗಳಲ್ಲಿ ಎರಡರ ಮಾತನ್ನು ಹೇಳತಕ್ಕದ್ದು. ಒಂದು, ಅಯಸ್ಕಾಂತಗಳನ್ನು ಹೊತ್ತು ನಿಲ್ಲಿಸುವ ಜಾಕುಗಳು. ಒಂದೊಂದು ಮುಖ್ಯ ಅಯಸ್ಕಾಂತದ ಉದ್ದ 15 ಮೀಟರು, ತೂಕ ಸುಮಾರು 35 ಟನ್ನು. ಮೂರು ಜಾಕುಗಳ ಮೇಲೆ ಕುಳಿತ ಅದನ್ನು ಕೂದಲಿನ ದಪ್ಪಕ್ಕಿಂತಲೂ ಸೂಕ್ಷ್ಮವಾಗಿ ಸರಿಸಬಹುದು. ಅಂಥ ಸುಮಾರು ಏಳು ಸಾವಿರ ಜಾಕುಗಳು ಇಂದೂರಿನ ಕೇಂದ್ರದ ಮೇಲ್ವಿಚಾರಣೆಯಲ್ಲಿ ತಯಾರಾದುವು. ಮಾಡಿದ ಕಾರ್ಖಾನೆಗಳು ಎರಡು: ಒಂದು ಇಂದೂರಿನದು, ಮತ್ತೊಂದು ಬೆಂಗಳೂರಿನ ಅವಸರಾಲ.

ಎರಡನೆಯದು ನಮ್ಮ ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಆ ಅಯಸ್ಕಾಂತಗಳನ್ನು ಹಿಮಕ್ಕಿಂತಲೂ ಎಷ್ಟೋ ಶೀತಲವಾಗಿ, ನಿರಪೇಕ್ಷ ಸೊನ್ನೆಗಿಂತ ಎರಡು ಡಿಗ್ರಿಯೂ ಮೇಲಿರದಂತೆ ತಣಿಸಿಟ್ಟಿರುತ್ತಾರೆ. ಆ ಶೈತ್ಯದಲ್ಲಿ ತಂತಿಯು ವಿದ್ಯುತ್ತಿಗೆ ಲವಲೇಶವೂ ತಡೆಯೊಡ್ಡುವುದಿಲ್ಲ. ಸುಮಾರು 11,800 ಆಂಪಿಯರು ಬಿಸಿಯಾಗದೆ ಹರಿಯುತ್ತದೆ. ಯಾವ ಕಾರಣದಿಂದಲೋ ತಂತಿಯ ಒಂದಂಗುಲವು ತುಸು ಬೆಚ್ಚಗಾಯಿತೆನ್ನೋಣ. ಆಗ ಪ್ರವಾಹದ ಕಾವೆಲ್ಲ ಅಲ್ಲಿಯೇ ನುಗ್ಗಿ ತಂತಿಯು ಕರಗಿಹೋದೀತು. ಉಪಾಯವೇನು? ಬೆಚ್ಚಗಾದ ಜಾಗವನ್ನು ತಣಿಸುವುದಕ್ಕೆ ಹೊತ್ತಿಲ್ಲ. ಆದುದರಿಂದ ಕೂಡಲೇ ಇಡಿಯ ಅಯಸ್ಕಾಂತವನ್ನೇ ಬೆಚ್ಚಗೆ ಮಾಡಿಬಿಡುತ್ತಾರೆ. ಕಾವು ಉದ್ದಕ್ಕೂ ಹಂಚಿಹೋಗಿ ಯಾವೊಂದು ಜಾಗವೂ ಕರಗುವುದಿಲ್ಲ. ಉಷ್ಣದಿಂದಲೇ ಉಷ್ಣವನ್ನು ಶಮನಗೊಳಿಸುವ ಮಾತು ನಮ್ಮ ವೈದ್ಯರಲ್ಲಿ ಹಳೆಯದು. ಅದನ್ನು ಯಂತ್ರದಲ್ಲಿ ಕೇಳಿದುದು ಇದೇ ಮೊದಲು. ಈ ಕೆಲಸಕ್ಕಾಗಿ ಪ್ರತಿ ಅಯಸ್ಕಾಂತದ ಬಳಿಯಲ್ಲೂ ಧಾರಕಗಳನ್ನು 900 ವೋಲ್ಟಿಗೆ ತುಂಬಿ ಸಿದ್ಧವಾಗಿಟ್ಟಿರುತ್ತಾರೆ. ಅಪಾಯದ ಸೂಚನೆಯಾದೊಡನೆ ಅವು ಉಕ್ಕಿನ ಪಟ್ಟಿಗಳೊಳಗೆ ತಮ್ಮನ್ನು ಬರಿದು ಮಾಡಿಕೊಳ್ಳುತ್ತವೆ. ಇಂಥ ಯಂತ್ರಗಳು ಭಾರತದಿಂದ ಹೋದುವು ಸುಮಾರು 5,500. ಅವುಗಳಲ್ಲಿ ಬಹುಪಾಲು ದಿನಗಟ್ಟಲೆ, ತಿಂಗಳುಗಟ್ಟಲೆ ಏನನ್ನೂ ಮಾಡದೆ ತುಂಬಿಕೊಂಡು ಕಾಯುತ್ತಿರುವುದೇ ಅವುಗಳ ಕೆಲಸ. "ಮಾಡಿದವರು ನನ್ನ ಹಿರಿಯರು," ಎಂದನು ನಮ್ಮ ಶಿಷ್ಯನು, "ನಾನು ಹೋಗಿ ನೋಡಿದೆ, ಅಷ್ಟೇ."

ಸೂಲಿಬೆಲೆಯನ್ನು ದಾಟಿ ಹೊಸಕೋಟೆಯನ್ನು ಸೇರಿದಾಗ ಹೊತ್ತು ಇಳಿದಿತ್ತು. ಹೊಸಕೋಟೆಯ ಸಮೀಪದಲ್ಲಿ ಭಾರತೀಯ ಖಭೌತ ಸಂಸ್ಥೆಯ ಒಂದು ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರು ಎತ್ತರದ ಮೇಲಿರುವ ಎರಡು ಮೀಟರಿನ ದೂರದರ್ಶಕವನ್ನು ಇಲ್ಲಿ ಕುಳಿತೇ ನಡೆಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಸೂರ್ಯನನ್ನು ನೋಡಲು ಹೊರಟ ಆದಿತ್ಯ ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿದುದೂ ಈ ಆವರಣದಲ್ಲಿಯೇ. ಸೂರ್ಯನೂ ಕಣಗಳನ್ನು ಅಪಾರ ವೇಗದಿಂದ ಎಸೆಯತಕ್ಕವನಾದುದರಿಂದ ಅವನನ್ನೂ ನಮ್ಮ ಶಿಷ್ಯನ ಪಂಗಡಕ್ಕೆ ಸೇರಿಸಬಹುದು. ನಾವು ಒಳಕ್ಕೆ ಹೋಗಲಿಲ್ಲ. ಯಜಮಾನರಿಗೆ ಕೆರೆಯನ್ನು ನೋಡುವ ಆತುರ.

ಹೊಸಕೋಟೆಯ ದೊಡ್ಡಕೆರೆಯು ಸುಗಟೂರಿನ ತಮ್ಮೇಗೌಡನ ಕಾಲದ್ದು. ಊರೂ ಕೆರೆಯೂ 1595ರ ಸುಮಾರಿನಲ್ಲಿ ಆದುವೆಂದು ಹೇಳಿಕೆ. ಏರಿಯ ಉದ್ದ ಎರಡು ಮೈಲಿ. ಅದರ ಮೇಲೆ ನಿಂತು ನೋಡಿದರೆ ಕೈಯಿಂದ ಮಣ್ಣು ಹೊತ್ತವರ ಸಾಹಸಕ್ಕೆ ತಲೆಬಾಗುತ್ತದೆ. ಯಜಮಾನರು ಏರಿಯ ಮೇಲೆ ಕುಳಿತು, "ಕೆರೆ ತುಂಬಿದ ಮೇಲೂ ಮಳೆ ನಿಲ್ಲದಿದ್ದರೆ?" ಎಂದು ಮಗನನ್ನು ಕೇಳಿದರು.

"ಕೋಡಿ ಬೀಳುತ್ತೆ."

"ಕೋಡಿ ಇಲ್ಲದಿದ್ದರೆ?"

"ಏರಿ ಒಡೆಯುತ್ತೆ."

"ನಿನ್ನ ಜಿನೀವಾದ ಯಂತ್ರಕ್ಕೆ ಕೋಡಿ ಎಲ್ಲಿ?"

ನಾವು ಈ ಪ್ರಶ್ನೆಯನ್ನು ಯೋಚಿಸಿರಲೇ ಇಲ್ಲ. ಮಗನು ಉತ್ಸಾಹದಿಂದ ಏರಿಯ ಮಣ್ಣಿನ ಮೇಲೆ ಕಡ್ಡಿಯಿಂದ ಉಂಗುರವನ್ನು ಬರೆದು ತೋರಿಸಿದನು. ಆ ಉಂಗುರದಲ್ಲಿ ಪ್ರೋಟಾನುಗಳ ಎರಡು ಪ್ರವಾಹಗಳು ಎದುರುಬದುರಾಗಿ ಓಡುತ್ತವೆ. ಒಂದೊಂದರಲ್ಲಿ, ಯಂತ್ರದ ಮೂಲ ವಿನ್ಯಾಸದಂತೆ, 362 ಮೆಗಾಜೌಲು ಶಕ್ತಿ. ಅರ್ಧ ಟನ್ನು ತಾಮ್ರವನ್ನು ಕರಗಿಸಲು ಸಾಕಾದಷ್ಟು. ದಾರಿ ತಪ್ಪಿದರೆ ಅದು ಯಂತ್ರವನ್ನೇ ಸುಡುತ್ತದೆ. ಅದಕ್ಕಾಗಿ ಪ್ರೋಟಾನುಗಳ ಸಾಲಿನಲ್ಲಿ ಬೇಕೆಂದೇ ಮೂರು ಮೈಕ್ರೊಸೆಕೆಂಡಿನ ಒಂದು ಬಿಡುವನ್ನು ಇಟ್ಟಿದ್ದಾರೆ. ಅಪಾಯ ಕಂಡೊಡನೆ, ಆ ಬಿಡುವು ಎದುರಿಗೆ ಬರುವ ಕ್ಷಣವನ್ನು ಹಿಡಿದು, ಸುಮಾರು 30 ಕಿಲೋವೋಲ್ಟಿನ ಸ್ಪಂದಗಳಿಂದ ಹದಿನೈದು ಅಯಸ್ಕಾಂತಗಳು ಏಕಕಾಲಕ್ಕೆ ಎದ್ದು ಇಡಿಯ ಪ್ರವಾಹವನ್ನು ಉಂಗುರದಿಂದ ಹೊರಕ್ಕೆ ತಿರುಗಿಸುತ್ತವೆ. ದೂರದಲ್ಲಿ ಕಾದಿರುವ ಏಳೆಂಟು ಮೀಟರು ಉದ್ದದ ಇಂಗಾಲದ ದಿಮ್ಮಿಯೊಳಗೆ ಅದು ಅಡಗುತ್ತದೆ. ಇಷ್ಟೂ ಮುಗಿಯುವುದು ಪ್ರೋಟಾನುಗಳ ಒಂದು ಸುತ್ತಿನೊಳಗೆ, ಅಂದರೆ ಸೆಕೆಂಡಿನ ಹನ್ನೊಂದು ಸಾವಿರದ ಒಂದು ಪಾಲಿನಲ್ಲಿ. ಹದಿನೈದರಲ್ಲಿ ಒಂದು ಏಳದೆ ಹೋದರೂ ಉಳಿದ ಹದಿನಾಲ್ಕು ಸಾಕಾಗುವಂತೆ ಕಟ್ಟಿದ್ದಾರೆ.

"ಅಂದರೆ ನೀನು ನೀರುಗಂಟಿ ಅನ್ನು," ಎಂದರು ಯಜಮಾನರು. "ತೂಬು ಎತ್ತೋನು, ಕೋಡಿ ನೋಡೋನು." ಸ್ವಲ್ಪ ಹೊತ್ತಿನ ಮೇಲೆ, ನಮ್ಮ ಮನೆಯಲ್ಲಿ ಕುಳಿತು ಕೇಳಿದ ಪ್ರಶ್ನೆಯನ್ನು ಈಗ ಮಗನಿಗೇ ಕೇಳಿದರು: "ಇನ್ನೊಬ್ಬರು ಮಾಡಕ್ಕಾಗದ ಕೆಲಸವಾ ಅದು?"

ನಾವು ಸುಮ್ಮನಿದ್ದೆವು. ಮಗನಿಗೆ ಹೌದೆಂದುಬಿಡುವುದು ಸುಲಭವಾಗಿತ್ತು.

"ಮಾಡಬಹುದಪ್ಪ. ಕಲಿಸಿದರೆ ಯಾರಾದರೂ ಮಾಡ್ತಾರೆ. ಕಲಿಯೋಕೆ ನಾಲ್ಕೈದು ವರ್ಷ ಹಿಡಿಯುತ್ತೆ. ನನ್ನ ಹತ್ತಿರ ಇಬ್ಬರು ಹುಡುಗರು ಕಲೀತಾ ಇದ್ದಾರೆ. ಅವರಿನ್ನೂ ಅರ್ಧದಲ್ಲಿದ್ದಾರೆ."

ಯಜಮಾನರು ಕೆರೆಯ ಕಡೆಗೆ ನೋಡಿದರು. "ಅರ್ಧ ನೇಯ್ದ ಸೀರೆ ಮಗ್ಗದಿಂದ ಇಳಿಸೋ ಹಾಗಿಲ್ಲ. ಆ ಹುಡುಗರದು ಮುಗಿಸಿ ಬಾ. ನಿಂತಿರೋ ಎರಡು ಮಗ್ಗ ಮಾರ್ತೀನಿ. ನಡೀತಾ ಇರೋದು ಎರಡು ಇರಲಿ. ಅಷ್ಟು ನನ್ನ ಕೈಲಾಗುತ್ತೆ."

ಕತ್ತಲಾಗುವುದರೊಳಗೆ ಊರು ಸೇರಬೇಕೆಂದು ಅವರೇ ಎದ್ದರು. ಹಿಂದಿರುಗುವಾಗ ಕಾರಿನಲ್ಲಿ ತಂದೆಮಕ್ಕಳು ಮಾತನಾಡಿದುದು ಮಾರತಕ್ಕ ಮಗ್ಗಗಳ ಬೆಲೆಯನ್ನು ಕುರಿತು. ಇಬ್ಬರ ಅಂದಾಜಿಗೂ ಇಪ್ಪತ್ತು ಸಾವಿರದ ಅಂತರವಿತ್ತು.